ಕಂಪನಿಯ ಹಲ್ಲು

ಅವಳನ್ನು ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಅದಕ್ಕೂ ಅವಳು ಒಂದು ಗಳಿಗೆ ತಡವಾಗಿ ಓಗೊಡುತ್ತಿದ್ದಳು. ಕತ್ತರಿ ಅನ್ನುವುದು ಬೈಗುಳವಲ್ಲ, ಹೊಗಳಿಕೆ. ಬಟ್ಟೆ ಕಾರ್ಖಾನೆಯ ಆ ಇಡೀ ಸಾಲಿನಲ್ಲಿ ಅವಳಷ್ಟು ಚುರುಕಾಗಿ ಹಲ್ಲಿನಿಂದ ದಾರ ಹರಿಯುವವರು ಇನ್ನೊಬ್ಬರಿರಲಿಲ್ಲ. ಹೊಲಿಗೆ ಮುಗಿಯುತ್ತಲೇ ಬಟ್ಟೆ ಬಾಯಿಗೆ ಹೋಗುತ್ತಿತ್ತು, ಟಕ್ಕನೆ ಒಂದು ಸದ್ದು, ಮರುಕ್ಷಣ ಬಟ್ಟೆ ಮುಂದಿನವಳ ಕೈಯಲ್ಲಿ. ದೂರದಿಂದ ನೋಡಿದರೆ ಒಂದೊಂದು ಅಂಗಿಗೂ ಮುತ್ತು ಕೊಟ್ಟು ಕಳಿಸುತ್ತಿದ್ದಾಳೇನೋ ಅನ್ನಿಸಬೇಕು.

ಕಾರ್ಖಾನೆಯಲ್ಲಿ ಕತ್ತರಿ ಇರಲಿಲ್ಲವೇ ಅಂತ ಕೇಳುತ್ತೀರಿ. ಇದ್ದವು. ಒಂದೊಂದು ಮಿಷನ್ನಿಗೂ ಒಂದೊಂದು ಪುಟ್ಟ ಕತ್ತರಿ ಇತ್ತು. ಎಳೆಕೂಸುಗಳ ಅಂಗಿ ಹೊಲಿಯುವ ಜಾಗ ಅದು. ಒಮ್ಮೆ ಯಾವುದೋ ಕತ್ತರಿಯ ತುದಿ ಮುರಿದು ಅಂಗಿಯ ಮಡಿಕೆಯಲ್ಲಿ ಕೂತುಬಿಟ್ಟಿತು. ಮಾಲು ಕೊಂಡವರ ಕಡೆ ಲೋಹ ಹಿಡಿಯುವ ಯಂತ್ರ ಕೂಗಿಕೊಂಡಿತು. ಪೆಟ್ಟಿಗೆಗಟ್ಟಲೆ ಮಾಲು ವಾಪಸ್ಸು ಬಂತು. ಅಂದಿನಿಂದ ಕತ್ತರಿಗಳೆಲ್ಲ ಸೂಪರ್‌ವೈಸರನ ಬೀರು ಸೇರಿದವು. ದಾರ ಕತ್ತರಿಸುವುದಕ್ಕೆಂದೇ ಬೇರೆ ಕೋಣೆ, ಬೇರೆ ಜನ ಇಡುತ್ತೇವೆ ಅಂದರು. ಕೋಣೆ ಆಯಿತು, ಅದರೊಳಗೆ ಖಾಲಿ ರಟ್ಟಿನ ಪೆಟ್ಟಿಗೆ ತುಂಬಿದರು. ಜನ ಬರಲಿಲ್ಲ. ದಾರ ಮಾತ್ರ ಜೋತಾಡಬಾರದು, ಮಾಲು ಮೊದಲಿನಷ್ಟೇ ಬೀಳಬೇಕು.

ಹಲ್ಲಿನಿಂದ ಹರಿಯಿರಿ ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಹಲ್ಲಿಗೆ ತುಕ್ಕು ಹಿಡಿಯುವುದಿಲ್ಲ. ಯಂತ್ರದ ಕಣ್ಣಿಗೆ ಹಲ್ಲು ಬೀಳುವುದಿಲ್ಲ. ಮುರಿದರೆ ಹೊಸದು ತರಿಸುವ ಖರ್ಚೂ ಕಂಪನಿಯದ್ದಲ್ಲ. ಎಲ್ಲೋ ಯಾವುದೋ ಕೂಸಿನ ಮೈಗೆ ಚುಚ್ಚಬಾರದು ಅಂತ ಇಲ್ಲಿ ಒಂದು ಹಾಲ್ ತುಂಬ ಹೆಂಗಸರು ಹಲ್ಲು ಸವೆಸಿಕೊಂಡರು. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವ ಅಭ್ಯಾಸ ಅವರಿಗೆಲ್ಲ ಹತ್ತಿತು. ಎಷ್ಟು ನಾಚಿಕೆಯ ಹೆಣ್ಣುಮಕ್ಕಳು ಅಂತ ನೋಡಿದವರು ಅಂದುಕೊಂಡರು. ಮುಂದಿನ ಹಲ್ಲುಗಳಲ್ಲಿ ದಾರ ಕೊರೆದ ಕಚ್ಚು ಯಾರಿಗೂ ಕಾಣದಿರಲಿ ಅಂತ ಇವರು ಕೈ ಅಡ್ಡ ಇಡುತ್ತಿದ್ದರು ಅಷ್ಟೆ.

ಮಾಲು ಕೊಳ್ಳುವವರು ನೋಡಲು ಬರುವ ದಿನ ಮಾತ್ರ ಬೀರು ತೆರೆಯುತ್ತಿತ್ತು. ಬಿಳಿ ಹುರಿ ಕಟ್ಟಿದ ಕತ್ತರಿಗಳು ಮಿಷನ್ ಮಿಷನ್‌ಗೂ ಬಂದು ಕೂರುತ್ತಿದ್ದವು. ಬಂದವರು ಹೊರಟು ಅವರ ಕಾರು ಗೇಟು ದಾಟಿತೋ ಇಲ್ಲವೋ, ಸೂಪರ್‌ವೈಸರ್ ಸ್ಟೀಲ್ ಟ್ರೇ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಿದ್ದ. ಹೆಂಗಸರು ಒಬ್ಬೊಬ್ಬರೇ ಹುರಿ ಬಿಚ್ಚಿ ಕತ್ತರಿಯನ್ನು ಟ್ರೇಗೆ ಹಾಕುತ್ತಿದ್ದರು. ಠಣ್, ಠಣ್, ಠಣ್. ಆಮೇಲೆ ಮತ್ತೆ ಬಾಯಿ.

ಕತ್ತರಿ ಈಗ ಆರು ತಿಂಗಳ ಬಸುರಿ. ಮೊದಲ ತಿಂಗಳುಗಳಲ್ಲಿ ವಾಂತಿ ಅವಳನ್ನು ಹಿಂಡಿ ಹಾಕಿತ್ತು. ವಸಡು ಊದಿ, ಹಲ್ಲುಜ್ಜಿದರೆ ರಕ್ತ. ಆಗಲೇ ಒಂದು ದಿನ ಗುಂಡಿಯ ಗಟ್ಟಿ ದಾರ ಕಚ್ಚಿದಾಗ ಕೆಳಗಿನ ಎಡದವಡೆಯಲ್ಲಿ, ಕೋರೆಹಲ್ಲಿನ ಪಕ್ಕದ ಹಲ್ಲು ಸೀಳಿತು. ಸೀಳಿದ ಸದ್ದು ಅವಳ ಕಿವಿಯೊಳಗೇ ಕೇಳಿಸಿತು. ಮಿಷನ್ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಮೊದಲು ತಣ್ಣೀರಿಗೆ ಝುಂ ಅಂದಿತು. ಆಮೇಲೆ ಬಿಸಿನೀರಿಗೆ. ಆಮೇಲೆ ಸುಮ್ಮನೆ ಕೂತರೂ. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು. ದವಡೆಯ ಕೆಳಗೆ ಅಡಿಕೆಯಷ್ಟು ಗಂಟು ಎದ್ದಿತು.

ಪಕ್ಕದ ಮಿಷನ್ನಿನಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಗಸನ್ನು ಎಲ್ಲರೂ ಗುಂಡಿಯಕ್ಕ ಅನ್ನುತ್ತಿದ್ದರು. ಅವಳ ಬಾಯಲ್ಲಿ ಹಲ್ಲು ಕಮ್ಮಿ, ಮಾತು ಜಾಸ್ತಿ.

"ಏನೇ, ಒಂದು ಕಡೆ ಕೆನ್ನೆಗೆ ಮಾತ್ರ ಬಸುರಿ ಕಳೆ ಬಂದಿದೆಯಲ್ಲ?" ಅಂದಳು.

ಕತ್ತರಿ ನಗಲು ಹೋಗಿ ಕಣ್ಣಲ್ಲಿ ನೀರು ತುಂಬಿಕೊಂಡಳು. ಗುಂಡಿಯಕ್ಕ ತಮಾಷೆ ಬಿಟ್ಟು, "ಆಸ್ಪತ್ರೆಗೆ ಹೋಗೇ, ಇದು ಹುಡುಗಾಟ ಅಲ್ಲ" ಅಂದಳು.

ಹೋದಳು. ದೊಡ್ಡ ಆಸ್ಪತ್ರೆ. ಒಂದೇ ಕಟ್ಟಡದಲ್ಲಿ ಈಚೆ ಹೆರಿಗೆ ವಿಭಾಗ, ಆಚೆ ಹಲ್ಲಿನ ವಿಭಾಗ, ಮಧ್ಯೆ ಒಂದು ಉದ್ದನೆಯ ಓಣಿ. ಹೆರಿಗೆ ಡಾಕ್ಟರಮ್ಮ ಅವಳನ್ನು ತೂಕದ ಮೇಲೆ ನಿಲ್ಲಿಸಿ, ಹೊಟ್ಟೆಗೆ ಟೇಪು ಹಿಡಿದು, ಮುಖ ಗಂಟು ಹಾಕಿದರು.

"ಮಗು ಸಣ್ಣದಿದೆ. ಬೆಳೀತಾನೇ ಇಲ್ಲ. ಏನು ತಿಂತೀಯ ನೀನು?"

"ಗಂಜಿ ಡಾಕ್ಟ್ರೇ. ಹಲ್ಲು ನೋವು. ಅಗಿಯೋಕೆ ಆಗಲ್ಲ."

"ಗಂಜಿ ಕುಡಿದ್ರೆ ಮಗು ಹೇಗಮ್ಮ ಬೆಳೆಯುತ್ತೆ? ಕಾಳು, ಮೊಟ್ಟೆ, ಸೊಪ್ಪು ಎಲ್ಲ ತಿನ್ನಬೇಕು. ಹೀಗೇ ಆದ್ರೆ ಮಗು ದಿನ ತುಂಬೋ ಮುಂಚೆ ಬಂದುಬಿಡಬಹುದು. ಗೊತ್ತಾಯ್ತಾ?"

"ಹಲ್ಲು ನೋಡಿ ಡಾಕ್ಟ್ರೇ, ಇಲ್ಲಿ ಊದಿದೆ..."

"ನಾನು ಹೊಟ್ಟೆ ನೋಡೋಳು. ಹಲ್ಲಿಗೆ ಆ ಕಡೆ ಹೋಗು."

ಆ ಕಡೆ ಹೋದಳು. ಹಲ್ಲಿನ ಡಾಕ್ಟರು ಕುರ್ಚಿಯ ದೀಪ ಹಾಕಿ, ಬಾಯಿ ಬಿಡಿ ಅಂತ ಬಗ್ಗಿದವರು ಅವಳ ಹೊಟ್ಟೆ ಕಂಡು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಬಸುರೀನಾ? ಮೊದಲೇ ಹೇಳೋದಲ್ವಾ? ಹೆರಿಗೆ ಆದ್ಮೇಲೆ ಬಾಮ್ಮ."

"ಅಲ್ಲೀವರೆಗೂ ಏನು ಮಾಡ್ಲಿ ಸಾರ್?"

"ಉಪ್ಪುನೀರು ಮುಕ್ಕಳಿಸು. ಇಲ್ಲಾಂದ್ರೆ ನಿಮ್ಮ ಹೆರಿಗೆ ಡಾಕ್ಟರು ಹೂಂ ಅನ್ನಲಿ, ಆಮೇಲೆ ನೋಡೋಣ."

ದೀಪ ಆರಿತು. ಅವಳು ಓಣಿ ಹಿಡಿದು ವಾಪಸ್ಸು ಬಂದಳು. ಡಾಕ್ಟರಮ್ಮ ಎದ್ದು ಹೋಗಿದ್ದರು. ಇನ್ನೊಂದು ದಿನ ರಜೆ ಬೇಡಿಕೊಂಡು ಬಂದಳು. ಡಾಕ್ಟರಮ್ಮ ಸಿಡುಕಿದರು. "ಹಲ್ಲು ಕೀಳೋಕೆ ನನ್ನನ್ನ ಯಾಕೆ ಕೇಳ್ತಾರೆ? ನಾನು ಹೂಂ ಅನ್ನೋದು, ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರೋದು. ಅವರ ಕೆಲಸ ಅವರು ಮಾಡ್ಲಿ." ಮತ್ತೆ ಓಣಿ. ಮತ್ತೆ ಹಲ್ಲಿನವರ ಬಾಗಿಲು. "ಹೂಂ ಅಂದ್ರಾ? ಇಲ್ವಾ? ಹಾಗಾದ್ರೆ ಹೆರಿಗೆ ಆದ್ಮೇಲೇ ಬಾ."

ಹೊಟ್ಟೆಯವರು ಬಾಯಿಯವರ ಕಡೆ ಕೈ ತೋರಿಸಿದರು, ಬಾಯಿಯವರು ಹೊಟ್ಟೆಯವರ ಕಡೆ. ಹೊಟ್ಟೆಯೂ ಬಾಯಿಯೂ ಒಬ್ಬಳದೇ ಅನ್ನುವುದು ಅಷ್ಟು ಓದಿದವರಿಗೆ ಹೊಳೆಯಲೇ ಇಲ್ಲ. ಆ ಓಣಿಯ ಕಲ್ಲಿನ ಬೆಂಚಿನ ಮೇಲೆ ಕತ್ತರಿ ಕೆನ್ನೆಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಮಗು ದಿನ ತುಂಬುವ ಮುಂಚೆ ಬಂದುಬಿಡಬಹುದು. ಆ ಮಾತು ಹಲ್ಲಿಗಿಂತ ಜೋರಾಗಿ ಮಿಡಿಯುತ್ತಿತ್ತು.

ಮನೆ ಅಂದರೆ ಒಂದೇ ಕೋಣೆ, ಅದರಲ್ಲೇ ಒಲೆ. ಗಂಡ ಲಾರಿ ಓಡಿಸುವವನು, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಿದ್ದ. ಇದ್ದವರು ಅವಳು ಮತ್ತು ಅತ್ತೆ. ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅದನ್ನು ಆಕೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

"ಬಸುರಲ್ಲಿ ಹಲ್ಲು ಹೋಗೋದು ಎಲ್ಲರಿಗೂ ಇದ್ದಿದ್ದೇ ಕಣೇ. ಕೂಸು ತನ್ನ ಮೂಳೆಗೆ ಅಂತ ತಾಯಿ ಹಲ್ಲಿಂದ ತಗೊಳ್ಳುತ್ತೆ. ನನ್ನ ಮಕ್ಕಳೆಲ್ಲ ಸೇರಿ ನನ್ನ ಬಾಯಿ ಖಾಲಿ ಮಾಡಿದ್ರು. ನಾನೇನು ಅತ್ತಿದ್ನಾ? ಹಲ್ಲು ಮಾತ್ರ ಕೀಳಿಸೋಕೆ ಹೋಗ್ಬೇಡ. ಕಿತ್ತ ರಭಸಕ್ಕೆ ಕೂಸು ಅಳ್ಳಾಡಿಬಿಡುತ್ತೆ."

ಕತ್ತರಿ ತಲೆಯಾಡಿಸಿದಳು. ಮಾತಾಡಲು ದವಡೆ ಬೇಕಿತ್ತು. ಅತ್ತೆ ತನಗಾಗಿ ಕಿವುಚಿಕೊಂಡ ಗಂಜಿಯಲ್ಲೇ ಅರ್ಧ ಸೊಸೆಗೆ ಬಡಿಸುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಅದನ್ನೇ ಹೀರುತ್ತಿದ್ದರು. ಮೊದಮೊದಲು ಅತ್ತೆ ಮಾತಾಡುತ್ತಿದ್ದಳು. ಬರಬರುತ್ತ ಆಕೆ ಸೊಸೆಯ ಬಾಯನ್ನೇ ನೋಡುತ್ತ ಸುಮ್ಮನೆ ಕೂರತೊಡಗಿದಳು.

ಒಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ಗದ್ದಲವೆದ್ದಿತು. ಸೂಪರ್‌ವೈಸರ್ ಒಂದು ಪುಟ್ಟ ಬಿಳಿ ಅಂಗಿಯನ್ನು ಎತ್ತಿ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದ. ಅಂಗಿಯ ಎದೆಯ ಮೇಲೆ ಹಳದಿ ದಾರದಲ್ಲಿ ಹೊಲಿದ ಬಾತುಕೋಳಿ ಮರಿ. ಮರಿಯ ಕುತ್ತಿಗೆಯ ಬಳಿ ಕೆಂಪು ಚುಕ್ಕೆ.

"ಯಾರದಿದು ರಕ್ತ?"

ಮಿಷನ್‌ಗಳು ನಿಂತವು.

"ಕೈ ತೋರಿಸಿ." ಎಲ್ಲರೂ ಕೈ ತೋರಿಸಿದರು. ಯಾರ ಬೆರಳಿಗೂ ಸೂಜಿ ಚುಚ್ಚಿರಲಿಲ್ಲ. ಆತ ಜೇಬಿನಿಂದ ಟಾರ್ಚು ತೆಗೆದ.

"ಎದ್ದು ನಿಲ್ಲಿ. ಬಾಯಿ ತೆಗೀರಿ."

ಎದ್ದು ನಿಂತರು. ಮದುವೆಯಾದವರು, ಆಗದವರು, ಮೊಮ್ಮಕ್ಕಳನ್ನು ಕಂಡವರು, ಎಲ್ಲರೂ ಸಾಲಾಗಿ ನಿಂತು ಬಾಯಿ ತೆಗೆದರು. ಆತ ಒಬ್ಬೊಬ್ಬರ ಮುಂದೆಯೂ ನಿಂತು ಟಾರ್ಚು ಹಾಕಿ ನೋಡಿದ. ಸಂತೆಯಲ್ಲಿ ದನದ ಬಾಯಿ ಬಿಡಿಸಿ ನೋಡುವವನು ಅದರ ಕತ್ತನ್ನಾದರೂ ಒಮ್ಮೆ ಸವರುತ್ತಾನೆ, ಈತ ಅದನ್ನೂ ಮಾಡಲಿಲ್ಲ. ಮುಚ್ಚಿಟ್ಟುಕೊಂಡಿದ್ದೆಲ್ಲ ಬೆಳಕಿಗೆ ಬಿತ್ತು. ಕಚ್ಚು ಬಿದ್ದ ಹಲ್ಲುಗಳು. ಅರ್ಧ ಸವೆದವು. ಮೊಂಡಾದವು. ಕಪ್ಪಾದವು. ರಕ್ತ ಒಸರುವ ವಸಡುಗಳು. ಅಲ್ಲಿದ್ದ ಯಾವ ಬಾಯಿಂದ ಬೇಕಾದರೂ ಆ ಚುಕ್ಕೆ ಬಿದ್ದಿರಬಹುದಿತ್ತು. ಅದು ಆತನಿಗೂ ಕಂಡಿತು. ಕಂಡದ್ದನ್ನು ಕಾಣದವನ ಹಾಗೆ ಮುಂದೆ ಹೋದ.

ಕೊನೆಗೆ ಕತ್ತರಿಯ ಮುಂದೆ ಬಂದು ನಿಂತ. "ತೆಗಿ."

ಅವಳು ತೆಗೆಯಲು ನೋಡಿದಳು. ದವಡೆ ಕಚ್ಚಿಕೊಂಡು ನಿಂತಿತ್ತು. ಒಂದು ಬೆರಳಿನಷ್ಟು ಸಂದಿಯಾಯಿತು, ಅಷ್ಟೆ.

"ಪೂರ್ತಿ ತೆಗಿ ಅಂದೆ. ನಾಟಕ ಬೇಡ."

"ಆಗಲ್ಲ ಸಾರ್..."

ಆತ ಟಾರ್ಚಿನ ಹಿಂಬದಿಯನ್ನು ಅವಳ ಗಲ್ಲಕ್ಕೆ ಒತ್ತಿ ಕೆಳಗೆ ಎಳೆದ. ಒತ್ತು ಗಂಟಿನ ಮೇಲೇ ಬಿತ್ತು. ಅವಳ ಗಂಟಲಿನಿಂದ ಬಂದ ಸದ್ದಿಗೆ ಹಾಲ್‌ನ ಆಚೆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಎಂಜಲಿನ ಜೊತೆ ರಕ್ತ, ರಕ್ತದ ಜೊತೆ ಹಳದಿ ಕೀವು ಆತನ ಕೈಬೆರಳ ಮೇಲೆ ಇಳಿಯಿತು. ಆತ ಛೀ ಅಂತ ಹಿಂದೆ ಜಿಗಿದು ಕೈಗೆ ಸಿಕ್ಕಿದ ಬಟ್ಟೆಗೆ ಒರೆಸಿಕೊಂಡ. ಅದು ಅದೇ ಬಾತುಕೋಳಿ ಅಂಗಿ.

"ಇವಳೇ!" ಅಂದ. ಗೆದ್ದವನ ದನಿ. "ಇಂಥ ಹೊಲಸು ಬಾಯಿ ಇಟ್ಕೊಂಡು ಎಳೆಮಕ್ಕಳ ಬಟ್ಟೆ ಮುಟ್ತೀಯಲ್ಲ, ನಿನಗೂ ಒಂದು ಹುಟ್ಟೋದಿದೆ, ನಾಚಿಕೆ ಆಗಲ್ವಾ?"

ಕತ್ತರಿಯ ಕಣ್ಣು ಕತ್ತಲಿಟ್ಟಿತು. ನೋವಿಗಲ್ಲ. ನಿನಗೂ ಒಂದು ಹುಟ್ಟೋದಿದೆ ಅಂದನಲ್ಲ, ಅದಕ್ಕೆ. ಹುಟ್ಟುತ್ತದೋ ಇಲ್ಲವೋ ಅನ್ನುವುದೇ ಅವಳನ್ನು ಕೊರೆಯುತ್ತಿದ್ದ ಮಾತು.

ಮಧ್ಯಾಹ್ನದೊಳಗೆ ಹೊಸ ನಿಯಮ ಬಂತು. ಕೈತೊಳೆಯುವ ಜಾಗದಲ್ಲಿ ಒಂದು ಬಕೆಟ್ ಉಪ್ಪುನೀರು ಇಟ್ಟರು. ಊಟದ ಬಿಡುವಿನಲ್ಲೇ ಎಲ್ಲರೂ ಬಾಯಿ ಮುಕ್ಕಳಿಸಿ, ತುಟಿ ಒರೆಸಿಕೊಂಡು ಬಂದು ಕೂರಬೇಕು. ಸೂಪರ್‌ವೈಸರ್ ಬೆಂಚಿನ ಮೇಲೆ ಹತ್ತಿ ಹೇಳಿದ.

"ಇಲ್ಲಿ ಕೂತಿರೋವಷ್ಟು ಹೊತ್ತು ನಿಮ್ಮ ಬಾಯಿ, ನಿಮ್ಮ ಹಲ್ಲು ಎಲ್ಲ ಕಂಪನಿದು ಅಂತ ತಿಳ್ಕೊಳ್ಳಿ. ಕಂಪನಿ ವಸ್ತು ಗಲೀಜು ಇರಬಾರದು."

"ಕಂಪನಿದಾದ್ರೆ ರಿಪೇರಿನೂ ಕಂಪನಿನೇ ಮಾಡಿಸಲಿ ಸಾರ್," ಅಂದಳು ಗುಂಡಿಯಕ್ಕ. ಒಂದಿಬ್ಬರು ನಕ್ಕರು, ಕೈ ಅಡ್ಡ ಇಟ್ಟುಕೊಂಡು.

ಆತ ಕತ್ತರಿಯ ಬಳಿ ಬಂದು ಒಂದು ಚೂರು ವೇಸ್ಟ್ ಬಟ್ಟೆ ಕೊಟ್ಟ. "ಬಾಯೊಳಗೆ ಊದಿರೋ ಕಡೆ ಇದನ್ನ ಒತ್ಕೋ. ಇನ್ನೊಂದು ಕಡೆ ಹಲ್ಲಲ್ಲಿ ಕಚ್ಚು. ಮುಂದಿನ ವಾರ ನೋಡೋಕೆ ಜನ ಬರ್ತಾರೆ, ಮಾಲು ನಿಲ್ಲಬಾರದು."

ಅವಳು ಒತ್ತಿಕೊಂಡಳು. ಬಟ್ಟೆಯಿಂದ ಎಣ್ಣೆಯ ವಾಸನೆ ಬಂತು. ಅಂಗಿ ಬಂತು. ಬಲಗಡೆಯ ಹಲ್ಲಿಗೆ ದಾರ ಸಿಕ್ಕಿಸಿ ಕಚ್ಚಿದಳು. ಬಲಗಡೆ ಕಚ್ಚಿದರೂ ಎಡಗಡೆ ಸಿಡಿಯಿತು. ಇನ್ನೊಂದು ಅಂಗಿ ಬಂತು. ಕಚ್ಚಿದಳು. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಮಿಷನ್ ಅಂಚನ್ನು ಹಿಡಿದು ಅದು ಸಡಿಲವಾಗುವವರೆಗೆ ಕಾದಳು. ಮತ್ತೊಂದು ಅಂಗಿ ಬಂತು. ಅದರ ಭುಜದಿಂದ ಬಿಳಿ ದಾರ ಜೋತಾಡುತ್ತಿತ್ತು. ಅಷ್ಟು ಸಣ್ಣ ಭುಜ. ಅವಳ ಬೆರಳಿನಷ್ಟಿತ್ತು. ಇದನ್ನು ತೊಡುವ ಮಗು ಚೆನ್ನಾಗಿರಲಿ ಅಂತ ಅವಳಿಗೆ ನಿಜವಾಗಿಯೂ ಅನ್ನಿಸಿತು. ಅದರ ತಪ್ಪೇನೂ ಇಲ್ಲ. ಆದರೆ ಅದಕ್ಕಾಗಿ ನನ್ನದು ಯಾಕೆ ಸಾಯಬೇಕು?

ಬಾಯೊಳಗಿನ ಬಟ್ಟೆ ತೆಗೆದು ನೆಲಕ್ಕೆ ಹಾಕಿದಳು. ದಾರ ಜೋತಾಡುತ್ತಿದ್ದ ಅಂಗಿಯನ್ನು ಹಾಗೇ ಮುಂದಕ್ಕೆ ಸರಿಸಿದಳು. ಅದರ ಹಿಂದೆ ಇನ್ನೊಂದನ್ನು.

"ಏಯ್, ದಾರ!" ಸೂಪರ್‌ವೈಸರ್ ಕೂಗಿದ.

"ಕಚ್ಚಲ್ಲ."

"ಏನಂದೆ?"

"ಕಚ್ಚಲ್ಲ ಅಂದೆ. ಕತ್ತರಿ ಕೊಡಿ, ಕತ್ತರಿಸ್ತೀನಿ. ಹಲ್ಲಲ್ಲಿ ಕಚ್ಚಲ್ಲ."

"ಹಾಗಾದ್ರೆ ಮನೆಗೆ ಹೋಗು. ಬಾಯಿ ಸರಿಯಾದ್ಮೇಲೆ ಬಾ."

ಹೆರಿಗೆ ಆದ್ಮೇಲೆ ಬಾ. ಬಾಯಿ ಸರಿಯಾದ್ಮೇಲೆ ಬಾ. ಎಲ್ಲರೂ ಅವಳನ್ನು ಆಮೇಲೆ ಕರೆಯುವವರೇ. ಅವಳು ಚೀಲ ಎತ್ತಿಕೊಂಡು ಹೊರಟಳು. ಗುಂಡಿಯಕ್ಕ ಏಳಲು ಹೋದಳು. ಸೂಪರ್‌ವೈಸರ್ ಅವಳ ಕಡೆ ನೋಡಿದ. ಕೂತಳು. ಹಾಗೆ ಕೂತದ್ದಕ್ಕೆ ತನ್ನ ಮೇಲೇ ಉರಿದುಕೊಂಡು ಸಂಜೆಯವರೆಗೂ ಯಾರ ಜೊತೆಗೂ ಮಾತಾಡಲಿಲ್ಲ ಅಂತ ಆಮೇಲೆ ತಿಳಿಯಿತು.

ಮನೆ ಮುಟ್ಟುವಷ್ಟರಲ್ಲಿ ಕತ್ತರಿಯ ಮೈ ಕೆಂಡವಾಗಿತ್ತು. ಊತ ದವಡೆ ದಾಟಿ ಕತ್ತಿಗೆ ಇಳಿದಿತ್ತು. ಅತ್ತೆ ಗಂಜಿ ತಂದು ಮುಂದಿಟ್ಟಳು. ಕತ್ತರಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನುಂಗಲು ಆಗಲಿಲ್ಲ. ಗಂಜಿ ತುಟಿಯ ಅಂಚಿನಿಂದ ಇಳಿದು ಹೊಟ್ಟೆಯ ಮೇಲೆ ಬಿತ್ತು.

ಅತ್ತೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನಗೂ ಹೀಗೇ ಆಗಿತ್ತು ಕಣೇ," ಅಂದಳು. ಈ ಸಲ ದನಿಯಲ್ಲಿ ಹೆಮ್ಮೆ ಇರಲಿಲ್ಲ. "ನಿನ್ನ ಗಂಡನಿಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು. ಆಗಲೂ ಹೀಗೇ ಮುಖ ಊದಿ, ಜ್ವರ ಬಂದು, ವಾರಗಟ್ಟಲೆ ತಿನ್ನಲಿಲ್ಲ. ಕೂಸು ಬೇಗ ಬಂತು. ಅಳಲೂ ಇಲ್ಲ ಅದು. ನಾನು ಯಾವತ್ತೂ ಹಲ್ಲಿಗೂ ಅದಕ್ಕೂ ಗಂಟು ಹಾಕಿ ನೋಡಿರಲಿಲ್ಲ. ದೇವರು ಕೊಟ್ಟಿದ್ದು, ದೇವರೇ ತಗೊಂಡ ಅಂದ್ಕೊಂಡಿದ್ದೆ." ಸೆರಗಿನಿಂದ ಸೊಸೆಯ ಹೊಟ್ಟೆಯ ಮೇಲಿನ ಗಂಜಿ ಒರೆಸಿದಳು. "ಏಳು."

"ಹಲ್ಲು ಕೀಳಿಸಬೇಡ ಅಂದಿದ್ರಿ ಅತ್ತೆ..."

"ನನ್ನ ಮಾತು ಕಟ್ಕೊಂಡು ಸಾಯ್ತೀಯಾ? ಏಳು ಅಂದ್ರೆ ಏಳು."

ಹಲ್ಲಿನ ವಿಭಾಗದಲ್ಲಿ ಮಧ್ಯಾಹ್ನದ ಜನ ಕರಗಿದ್ದರು. ಕುರ್ಚಿ ಖಾಲಿಯಿತ್ತು. ಕತ್ತರಿ ಯಾರನ್ನೂ ಕೇಳಲಿಲ್ಲ. ನೇರ ಒಳಗೆ ಹೋಗಿ ಅದರ ಮೇಲೆ ಕೂತಳು. ಎರಡೂ ಕೈಹಿಡಿಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಡಾಕ್ಟರು ಗುರುತು ಹಿಡಿದರು. "ನಿನಗೆ ಹೇಳಿದ್ನಲ್ಲಮ್ಮ, ಹೆರಿಗೆ ಆದ್ಮೇಲೆ..."

"ಏಳಲ್ಲ."

"ಎದ್ದೇಳಮ್ಮ, ಬೇರೆಯವರು ಬರೋರಿದ್ದಾರೆ."

"ಏಳಲ್ಲ. ಕಿತ್ತು ಹಾಕಿ. ಇಲ್ಲಾಂದ್ರೆ ಇಲ್ಲೇ ಸಾಯ್ತೀವಿ, ನಾವಿಬ್ಬರೂ. ಆಮೇಲೆ ಇಬ್ಬರನ್ನೂ ನೀವೇ ಇಳಿಸಿ."

ಅಟೆಂಡರನ್ನು ಕರೆಯಲು ಡಾಕ್ಟರು ಬಾಗಿಲ ಕಡೆ ತಿರುಗಿದರು. ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದಳು. ಕುಳ್ಳಗಿನ, ಒಣಕಲು ಹೆಂಗಸು. ಬಾಗಿಲು ತುಂಬ ನಿಂತ ಹಾಗಿತ್ತು.

"ಸ್ವಾಮಿ, ಇಲ್ಲಿ ನೋಡಿ." ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. "ನನಗೂ ಹೆರಿಗೆ ಆದ್ಮೇಲೆ ಬಾ ಅಂದಿದ್ರು. ಆದ್ಮೇಲೆ ಬಂದೆ. ಹಾಲು ಕುಡಿಸ್ತಿದ್ದೀಯ, ಕೂಸು ಹಾಲು ಬಿಟ್ಮೇಲೆ ಬಾ ಅಂದ್ರು. ಹಾಲು ಬಿಡಿಸಿ ಬಂದೆ. ಅಷ್ಟರಲ್ಲಿ ಮತ್ತೆ ಬಸುರಾಗಿದ್ದೆ. ಹೆರಿಗೆ ಆದ್ಮೇಲೆ ಬಾ ಅಂದ್ರು. ಹೀಗೇ ಬಂದು ಬಂದು, ಕಡೇ ಸಲ ಬಂದಾಗ ಕೀಳೋಕೆ ಒಂದೂ ಉಳಿದಿರಲಿಲ್ಲ."

"ಅಜ್ಜಿ, ನಿಮ್ಮ ಹೆರಿಗೆ ಡಾಕ್ಟರು ಒಪ್ಪದೆ ನಾನು ಹೇಗೆ..."

"ಆಯಮ್ಮ ಇದೇ ಓಣಿಯ ಆ ತುದೀಲಿ ಕೂತಿದ್ದಾರೆ. ನೀವು ಈ ತುದೀಲಿ. ನಡೆದಿದ್ದು ಮಾತ್ರ ನನ್ನ ಸೊಸೆ, ಹೊಟ್ಟೆ ಹೊತ್ಕೊಂಡು. ನಿಮ್ಮ ಕಾಲಿಗೇನಾಗಿದೆ?"

ಡಾಕ್ಟರು ಕೆಂಪಾದರು. ಆಗ ಅವರ ಕಣ್ಣು ಕತ್ತರಿಯ ಕತ್ತಿನ ಊತದ ಮೇಲೆ ಬಿತ್ತು. ಹತ್ತಿರ ಬಂದು ಎರಡು ಬೆರಳಿನಿಂದ ದವಡೆಯ ಕೆಳಗೆ ಮುಟ್ಟಿದರು. ಈ ಸಲ ಕೈ ಹಿಂದೆ ತೆಗೆಯಲಿಲ್ಲ. ಅವರ ಮುಖದ ಬಣ್ಣ ಇನ್ನೊಂದು ರೀತಿ ಬದಲಾಯಿತು.

ಮೇಜಿನ ಮೇಲೆ ಫೋನಿತ್ತು. ಎತ್ತಿಕೊಂಡರು. "ಮೇಡಂ, ಹಲ್ಲಿನ ವಿಭಾಗದಿಂದ. ಆರು ತಿಂಗಳು. ಊತ ಕತ್ತಿಗೆ ಇಳಿದಿದೆ, ಜ್ವರ ಇದೆ. ಈಗಲೇ ತೆಗೀಬೇಕು. ಹೂಂ. ಹೂಂ. ಸರಿ ಮೇಡಂ."

ಅಷ್ಟೆ. ಫೋನು ಕೆಳಗಿಟ್ಟರು. ಕತ್ತರಿ ಆ ಫೋನನ್ನೇ ನೋಡುತ್ತಿದ್ದಳು. ಅವಳು ಮೊದಲ ಸಲ ಬಂದಾಗಲೂ ಅದು ಅಲ್ಲೇ ಇತ್ತು.

ವಸಡಿಗೆ ಜೋಮು ಹಿಡಿಸುವ ಸೂಜಿ ಚುಚ್ಚಿದರು. ಕಿಟಕಿಯಾಚೆ ಯಾರೋ ಬಟ್ಟೆ ಒಗೆಯುವ ಸದ್ದು. ಬಾಯಿ ನಿಧಾನವಾಗಿ ಬಿಡಿಸಿದರು. ನೋವಾಗಲಿಲ್ಲ ಅಂದರೆ ಸುಳ್ಳು. ಅತ್ತೆ ಅವಳ ಎರಡೂ ಪಾದಗಳನ್ನು ಹಿಡಿದು ನಿಂತಿದ್ದಳು, ಕೂಸು ಅಳ್ಳಾಡಿ ಜಾರಿಬಿಡುತ್ತದೇನೋ ಅನ್ನುವ ಹಾಗೆ. ಒಂದು ಜಗ್ಗು, ಇನ್ನೊಂದು ಜಗ್ಗು, ಕಟಕ್ ಅಂತ ಹಲ್ಲು ಬಂತು. ಅದರ ಹಿಂದೆ ಕೀವು. ತಿಂಗಳುಗಟ್ಟಲೆ ಅವಳು ಹೊತ್ತು ತಿರುಗಿದ ಕೀವು ಬಟ್ಟಲಿಗೆ ಇಳಿಯಿತು.

"ಮುಗೀತು," ಅಂದರು ಡಾಕ್ಟರು.

ಕತ್ತರಿಗೆ ನಂಬಿಕೆ ಬರಲಿಲ್ಲ. ಅರಳೆ ಕಚ್ಚಿಕೊಂಡೇ ತೊದಲಿದಳು. "ಇಷ್ಟೇನಾ ಸಾರ್? ಮಗುವಿಗೆ ಏನೂ ಆಗಲ್ವಾ?"

"ಕಿತ್ತಿದ್ದರಿಂದ ಏನಾಗಲ್ಲಮ್ಮ. ಬಸುರಲ್ಲೂ ಕೀಳಬಹುದು. ಹೀಗೆ ಕೀವಾದ್ರೆ ಕೀಳಲೇಬೇಕು."

"ಮತ್ತೆ ಯಾಕೆ ಕಳಿಸಿದ್ರಿ?"

ಡಾಕ್ಟರು ಕೈಗವಸು ಕಳಚುತ್ತಿದ್ದರು. ಒಂದು ಕೈಯದು ಕಳಚಿ, ಇನ್ನೊಂದನ್ನು ಕಳಚಿ, ಡಬ್ಬಿಗೆ ಹಾಕಿದರು. ಅವಳು ಬಟ್ಟಲಿನಲ್ಲಿದ್ದ ಹಲ್ಲನ್ನು ಎತ್ತಿ ಬಟ್ಟೆಯ ಚೂರಿನಲ್ಲಿ ಕಟ್ಟಿಕೊಂಡಳು.

ಅವಳನ್ನು ಹೆರಿಗೆ ವಿಭಾಗದಲ್ಲಿ ಮಲಗಿಸಿಕೊಂಡು, ಕೈಗೆ ಸೂಜಿ ಸಿಕ್ಕಿಸಿ ಮದ್ದು ಬಿಟ್ಟರು. ಜ್ವರ ಇಳಿಯಿತು, ಊತ ಇಳಿಯಿತು. ಹೊಟ್ಟೆ ಮಾತ್ರ ಆಗಾಗ ಬಿಗಿಯುತ್ತಲೇ ಇತ್ತು. "ಮಗು ತುಂಬ ಸಣ್ಣದು. ಏನೂ ಹೇಳೋಕಾಗಲ್ಲ. ಚೆನ್ನಾಗಿ ತಿನ್ನು, ನೋಡೋಣ," ಅಂದರು ಡಾಕ್ಟರಮ್ಮ. ಮೊದಲೇ ಯಾರಾದರೂ ನೋಡಿದ್ದರೆ ಈಗ ನೋಡೋಣ ಅನ್ನಬೇಕಿರಲಿಲ್ಲ. ಕತ್ತರಿ ಅದನ್ನು ಬಾಯಿಬಿಟ್ಟು ಅನ್ನಲಿಲ್ಲ. ಮನೆಗೆ ಬಂದು ಮೊಟ್ಟೆ ಬೇಯಿಸಿ, ಬಲಗಡೆ ಹಲ್ಲಿನಲ್ಲಿ, ಅಳುತ್ತ ಅಗಿದು ನುಂಗಿದಳು.

ಮಾಲು ಕೊಳ್ಳುವವರು ಬರುವ ದಿನ ಅವಳು ಕಾರ್ಖಾನೆಗೆ ಹೋದಳು. ಸೂಪರ್‌ವೈಸರ್ ತಡೆಯಲಿಲ್ಲ. ಅವತ್ತು ಖಾಲಿ ಮಿಷನ್ ಕಾಣುವ ಹಾಗಿರಲಿಲ್ಲ, ಜೊತೆಗೆ ಬಸುರಿಯೊಬ್ಬಳು ಸಾಲಿನಲ್ಲಿ ಕೂತಿದ್ದರೆ ನೋಡಲು ಚೆಂದ. ಬೀರು ತೆರೆದಿತ್ತು. ಬಿಳಿ ಹುರಿಯ ಕತ್ತರಿ ಅವಳ ಮಿಷನ್ ಮೇಲೂ ಬಂದು ಕೂತಿತ್ತು. ಬಂದವರು ಮೆಲ್ಲಗೆ ನಡೆದರು, ಬಾತುಕೋಳಿ ಅಂಗಿ ಮುಟ್ಟಿ ನೋಡಿದರು, ಅವಳ ಹೊಟ್ಟೆ ನೋಡಿ ನಕ್ಕರು. ಅವಳು ನಗಲಿಲ್ಲ. ಕತ್ತರಿಯಿಂದ ದಾರ ಕತ್ತರಿಸುತ್ತ ಹೋದಳು. ಎಷ್ಟು ಸುಲಭದ ಕೆಲಸ ಅದು. ಚಿಕ್. ಚಿಕ್. ಎರಡು ಬೆರಳು ಸಾಕು.

ಅವರ ಕಾರು ಗೇಟು ದಾಟಿ ಹೋಯಿತು. ಸೂಪರ್‌ವೈಸರ್ ಟ್ರೇ ಹಿಡಿದು ಬಂದ. ಈ ಸಾಲಿನ ಮೊದಲ ಮಿಷನ್ ಕತ್ತರಿಯದು. ಆಚೆ ನೋಡುತ್ತ ಟ್ರೇಯನ್ನು ಅವಳ ಮುಂದೆ ಚಾಚಿದ.

ಅವಳು ಸೊಂಟದಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದಳು. ಬಿಚ್ಚಿದಳು. ಒಳಗಿದ್ದುದನ್ನು ಟ್ರೇಗೆ ಹಾಕಿದಳು. ಠಣ್ ಅನ್ನಲಿಲ್ಲ. ಟಿಣ್ ಅಂದಿತು, ಅಷ್ಟೆ. ಆತ ಬಗ್ಗಿ ನೋಡಿದ.

ಹಲ್ಲು. ಬುಡ ಕಪ್ಪಾಗಿತ್ತು. ನೆತ್ತಿಯ ಮೇಲೆ ಸೀಳು. ಸೀಳಿನ ಪಕ್ಕದಲ್ಲಿ ದಾರ ಕೊರೆದ ಕಚ್ಚು, ಅಳತೆ ಇಟ್ಟು ಅರದಿಂದ ಉಜ್ಜಿದಂತಿತ್ತು.

"ಏನಿದು?"

"ಕಂಪನಿದು ಸಾರ್," ಅಂದಳು. ದವಡೆ ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ. ಒಂದೊಂದೇ ಮಾತು ಹೊರಗೆ ಬಂತು. "ನೀವೇ ಹೇಳಿದ್ರಲ್ಲ. ವಾಪಸ್ ತಗೊಳ್ಳಿ. ಕತ್ತರಿ ನನ್ನ ಹತ್ರ ಇರುತ್ತೆ."

"ತಮಾಷೆ ಮಾಡ್ತೀಯಾ? ಕತ್ತರಿ ಹಾಕು."

ಅವಳು ಬಿಳಿ ಹುರಿಯನ್ನು ಅಂಗೈಗೆ ಸುತ್ತಿ ಮುಷ್ಟಿ ಬಿಗಿದಳು. ಆತ ಅವಳನ್ನು ಬಿಟ್ಟು ಪಕ್ಕದ ಮಿಷನ್ನಿಗೆ ಟ್ರೇ ಚಾಚಿದ. ಗುಂಡಿಯಕ್ಕ ಹಲ್ಲನ್ನು ನೋಡಿದಳು, ಆತನನ್ನು ನೋಡಿದಳು. ಅಂದು ಏಳಲು ಹೋಗಿ ಕೂತಿದ್ದವಳು ಈಗ ಎದ್ದು ನಿಂತಳು. ಅವಳ ಮುಷ್ಟಿಯೂ ಮುಚ್ಚಿತ್ತು. ಆತ ಮುಂದಿನವಳ ಬಳಿ ಹೋದ. ಅದರ ಮುಂದಿನವಳ ಬಳಿ. ಬೈದ, ಮನೆಗೆ ಕಳಿಸುತ್ತೇನೆ ಅಂದ, ಗೇಟಿಗೆ ಬೀಗ ಹಾಕಿಸುತ್ತೇನೆ ಅಂದ. ಹೆದರದವರು ಯಾರೂ ಇರಲಿಲ್ಲ ಅಲ್ಲಿ. ಆದರೂ ಒಂದು ಮುಷ್ಟಿಯೂ ಬಿಚ್ಚಿಕೊಳ್ಳಲಿಲ್ಲ. ಆತ ಸಾಲಿನ ಕೊನೆಯವರೆಗೂ ನಡೆದ. ಟ್ರೇಯಲ್ಲಿ ಆ ಒಂದು ಹಲ್ಲು ಮಾತ್ರ ಆಚೀಚೆ ಉರುಳುತ್ತಿತ್ತು. ಬೇರೆ ಏನೂ ಬೀಳಲಿಲ್ಲ.